ರಾತ್ರಿ ಎರಡರ ಎದೆಯುರಿ: ಹೊಟ್ಟೆಯದ್ದೋ, ಮನಸ್ಸಿನದ್ದೋ?

ಪ್ರಶ್ನೆ: ನನಗೆ 36 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಹೈಸ್ಕೂಲ್ ಶಿಕ್ಷಕಿ. ಎರಡು ವರ್ಷದಿಂದ ಗ್ಯಾಸ್ಟ್ರಿಕ್ ತೊಂದರೆ. ಹುಳಿತೇಗು, ಎದೆಯುರಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಸಂಜೆ ಟ್ಯೂಷನ್, ಅಡುಗೆ ಎಲ್ಲ ಮುಗಿದು ಊಟ ಆಗುವಾಗ ಒಂಬತ್ತೂವರೆ, ಹತ್ತಕ್ಕೆ ಮಲಗುತ್ತೇನೆ. ಕಳೆದ ವರ್ಷದಿಂದ ವಾರಕ್ಕೆ ಎರಡು ಮೂರು ಸಲ ರಾತ್ರಿ ಎರಡು ಗಂಟೆಗೆ ಎದೆ ಉರಿದು ಎಚ್ಚರವಾಗುತ್ತದೆ. ಆಮೇಲೆ ಎದೆ ಢವಢವ, ಕೈಕಾಲು ತಣ್ಣಗೆ. ಹಾರ್ಟ್ ಅಟ್ಯಾಕ್ ಆಗಿಯೇ ಬಿಟ್ಟಿತು ಅನ್ನಿಸುತ್ತದೆ. ಎರಡು ಸಲ ಇಸಿಜಿ, ಒಂದು ಸಲ ಎಕೋ, ಒಂದು ಎಂಡೋಸ್ಕೋಪಿ ಆಗಿದೆ. ಎಲ್ಲ ನಾರ್ಮಲ್. 'ಟೆನ್ಶನ್ ಕಡಿಮೆ ಮಾಡ್ಕೊಳ್ಳಿ' ಎಂದು ಕಳಿಸಿದರು. ಆಮ್ಲ ಕಡಿಮೆ ಮಾಡಲು ಕೊಟ್ಟ ಪ್ಯಾಂಟೊಪ್ರಜೋಲ್ ಮಾತ್ರೆ ನಿಲ್ಲಿಸಿದರೆ ಮೂರನೇ ದಿನಕ್ಕೆ ಮೊದಲಿಗಿಂತ ಜಾಸ್ತಿ ಆಗುತ್ತದೆ. ಅತ್ತೆ ಜೀರಿಗೆ ಕಷಾಯ ಅಂತಾರೆ, ನಮ್ಮ ಯಜಮಾನರು ತಣ್ಣನೆ ಹಾಲು ಅಂತಾರೆ, ಮೊಬೈಲ್ ತೆಗೆದರೆ ಆಪಲ್ ಸೈಡರ್ ವಿನೆಗರ್. ನನ್ನದು ಹೊಟ್ಟೆಯ ಕಾಯಿಲೆಯೋ, ಮನಸ್ಸಿನದ್ದೋ? ಮನೆಮದ್ದಿನಲ್ಲೇ ಹೋಗುತ್ತಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಒತ್ತಿ ಹೇಳಿರುವುದು ಇಸಿಜಿ, ಎಕೋ, ಎಂಡೋಸ್ಕೋಪಿ. ನನ್ನ ಕಣ್ಣು ನಿಂತದ್ದು ನೀವು ಸುಮ್ನೆ ಹೇಳಿಹೋದ ಸಾಲಿನ ಮೇಲೆ: ಒಂಬತ್ತೂವರೆಗೆ ಊಟ, ಹತ್ತಕ್ಕೆ ಹಾಸಿಗೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಹಾರ್ಟಿನ ಮಾತು ಮುಗಿಸೋಣ. ಆ ಭಯ ತಲೆಯಲ್ಲಿ ಕೂತಿರುವಾಗ ನಾನು ಬೇರೆ ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ.

ಈ ಭಯ ನಿಮ್ಮೊಬ್ಬರದ್ದಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡರು. ಅದಾದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. 2025ರ ಜೂನ್, ಜುಲೈನಲ್ಲಿ ನಿಮ್ಮದೇ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಆಗಲೂ ಮೈಸೂರು, ಬೆಂಗಳೂರು ಎರಡೂ ಕಡೆ ಅದೇ ಕ್ಯೂ. ಅಂಥ ದಿನಗಳಲ್ಲಿ 'ಎದೆನೋವು' ಎಂದು ನನ್ನ ಮುಂದೆ ಬಂದು ಕೂತವರಲ್ಲಿ ಬಹಳ ಜನಕ್ಕೆ ಇದ್ದದ್ದು ಎದೆಯುರಿ. ಅವರು ಸುಳ್ಳು ಹೇಳುತ್ತಿರಲಿಲ್ಲ, ನಾಟಕವನ್ನೂ ಮಾಡುತ್ತಿರಲಿಲ್ಲ. ಅನ್ನನಾಳ ಹೃದಯದ ಬೆನ್ನಿಗೇ ತಾಗಿಕೊಂಡು ಕೆಳಗೆ ಇಳಿಯುತ್ತದೆ. ಎರಡರ ನೋವಿನ ಸುದ್ದಿ ಹೊರುವ ನರಗಳೂ ಬೆನ್ನುಹುರಿಯಲ್ಲಿ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಮೆದುಳಿಗೆ ತಲುಪುವುದು ವಿಳಾಸವಿಲ್ಲದ ಕಾಗದ. 'ಎದೆಯಲ್ಲಿ ಏನೋ ಆಗಿದೆ' ಅಂತಷ್ಟೇ ಅದರಲ್ಲಿರುತ್ತದೆ. ಉಳಿದದ್ದನ್ನು ತುಂಬುವುದು ಟಿವಿಯಲ್ಲಿ ನೋಡಿದ ಸುದ್ದಿ.

ಹಾಗಂತ ಎಲ್ಲವೂ ಗ್ಯಾಸ್ಟ್ರಿಕ್ ಅಂತ ಕೂರಬಾರದು. ನಮ್ಮ ಕಡೆ ಅದೂ ಒಂದು ಕೆಟ್ಟ ಅಭ್ಯಾಸ. ಎದೆ ಹಿಡಿದಾಗ ಸೋಡಾ ಕುಡಿದು, ಬೆನ್ನು ನೀವಿಸಿಕೊಂಡು, ಬೆಳಗಾಗಲಿ ಅಂತ ಕಾದು ಜೀವ ಕಳೆದುಕೊಂಡವರಿದ್ದಾರೆ. ನಡೆದರೆ, ಮೆಟ್ಟಿಲು ಹತ್ತಿದರೆ ಎದೆ ಬಿಗಿದು, ನಿಂತರೆ ಬಿಡುವ ನೋವು ಹೃದಯದ್ದಿರಬಹುದು. ತೋಳು, ದವಡೆ, ಬೆನ್ನಿಗೆ ಹರಡುವುದು, ಮೈಯೆಲ್ಲ ಬೆವರಿ ಉಸಿರು ಕಟ್ಟುವುದು ಕೂಡ ಹಾಗೆಯೇ. ಯಾವತ್ತೂ ಬಾರದ ತರಹದ ನೋವು 15 ನಿಮಿಷವಾದರೂ ಬಿಡದಿದ್ದರೆ ಯಾರನ್ನೂ ಕೇಳಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಹೋದ ವರ್ಷದ ಇಸಿಜಿ ಈವತ್ತಿನ ನೋವಿಗೆ ಜಾಮೀನು ಕೊಡುವುದಿಲ್ಲ.

ನಿಮ್ಮದು ಹಾಗೆ ಕಾಣುತ್ತಿಲ್ಲ. ಒಂದೇ ತರಹ, ಒಂದೇ ಹೊತ್ತಿಗೆ, ಮಲಗಿದಾಗ, ಹುಳಿತೇಗಿನ ಜೊತೆ ಬರುತ್ತದೆ. ಮೊದಲು ಉರಿ, ಆಮೇಲೆ ಢವಢವ. ಈ ಕ್ರಮ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಟ್ಟೆಯದ್ದೋ, ಮನಸ್ಸಿನದ್ದೋ ಎಂದು ಕೇಳಿದ್ದೀರಿ. ನಮ್ಮ ಭಾಷೆಗೆ ಈ ಗೊಂದಲವೇ ಇಲ್ಲ ನೋಡಿ. 'ಸಂಕಟ' ಅಂದರೆ ಹೊಟ್ಟೆ ತೊಳಸುವುದೂ ಹೌದು, ಮನಸ್ಸಿನ ನೋವೂ ಹೌದು. ಅಸೂಯೆಗೆ ಹೊಟ್ಟೆಕಿಚ್ಚು ಅಂತೀವಿ. ಕೆಟ್ಟ ಸುದ್ದಿ ಕೇಳಿ ಊಟ ಬಿಟ್ಟವರನ್ನು 'ಹೊಟ್ಟೆಗೆ ಹೋಗ್ತಿಲ್ಲ' ಅಂತೀವಿ. ಎರಡನ್ನೂ ಬೇರೆ ಬೇರೆ ವಿಭಾಗಕ್ಕೆ ಹಂಚಿದವರು ನಾವು ವೈದ್ಯರು.

ಹೊಟ್ಟೆಗೂ ಮನಸ್ಸಿಗೂ ಇರುವ ನಂಟನ್ನು ಕಣ್ಣಾರೆ ಕಂಡ ವೈದ್ಯರೂ ಇದ್ದರು ಅನ್ನಿ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಅಕಸ್ಮಾತ್ತಾಗಿ ಗುಂಡು ತಗುಲಿತು. ಗಾಯ ಮಾಗಿತು, ಆದರೆ ಜಠರಕ್ಕೆ ಕಿಟಕಿಯಂತೆ ಒಂದು ತೂತು ಉಳಿದುಬಿಟ್ಟಿತು. ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ವರ್ಷಗಟ್ಟಲೆ ಆ ತೂತಿನೊಳಗೆ ಇಣುಕಿ ನೋಡಿ 1833ರಲ್ಲಿ ಪುಸ್ತಕ ಬರೆದರು. ಆ ಮನುಷ್ಯನಿಗೆ ಸಿಟ್ಟು ಬಂದ ದಿನ ಜೀರ್ಣಕ್ರಿಯೆ ಏರುಪೇರಾಗುವುದನ್ನು ಅವರು ಗುರುತಿಸಿದ್ದರು. ಪಾಪ, ಹೊಟ್ಟೆಯ ತೂತಿನಲ್ಲಿ ದಿನವೂ ದಾರ ಕಟ್ಟಿದ ಮಾಂಸದ ತುಂಡು ಇಳಿಬಿಟ್ಟರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ!

ಈಗ ನಿಮ್ಮ ಒಳಗೆ ಏನಾಗುತ್ತಿದೆ ನೋಡೋಣ. ಅನ್ನನಾಳದ ಕೆಳತುದಿಯಲ್ಲಿ ಉಂಗುರದಂತಹ ಒಂದು ಸ್ನಾಯು ಇದೆ. ನುಂಗಿದಾಗ ಬಿಚ್ಚಿಕೊಳ್ಳುತ್ತದೆ, ಮಿಕ್ಕ ಹೊತ್ತು ಬಿಗಿಯಾಗಿರುತ್ತದೆ. ಹೊಟ್ಟೆ ತುಂಬಿ ಉಬ್ಬಿದಾಗ ತೇಗು ಬಿಡಲು ಅದು ಆಗಾಗ ಸಡಿಲವಾಗುತ್ತದೆ. ಆ ಸಂದಿಯಲ್ಲಿ ಆಮ್ಲ ಮೇಲೆ ಬರುತ್ತದೆ. ಇದು ಎಲ್ಲರಿಗೂ ದಿನಕ್ಕೆ ಎಷ್ಟೋ ಸಲ ಆಗುತ್ತದೆ, ಗೊತ್ತೇ ಆಗುವುದಿಲ್ಲ. ಎಚ್ಚರವಿದ್ದಾಗ ಜೊಲ್ಲು ನುಂಗುತ್ತಲೇ ಇರುತ್ತೇವಲ್ಲ, ಅದು ಆಮ್ಲವನ್ನು ತೊಳೆದು ಕೆಳಗೆ ಕಳಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಊರುವುದೂ ಕಡಿಮೆ, ನುಂಗುವುದೂ ಕಡಿಮೆ. ಮೇಲೆ ಬಂದದ್ದು ಅಲ್ಲೇ ನಿಲ್ಲುತ್ತದೆ.

ಇಲ್ಲಿ ಆತಂಕ ಎರಡು ಕೆಲಸ ಮಾಡುತ್ತದೆ. ಒಂದು, ಉಸಿರನ್ನು ಎದೆಯ ಮೇಲ್ಭಾಗಕ್ಕೆ ತರುತ್ತದೆ. ಗಾಳಿ ನುಂಗಿಸಿ ಹೊಟ್ಟೆ ಉಬ್ಬಿಸುತ್ತದೆ. ಎರಡನೆಯದು ದೊಡ್ಡದು. ಅದು ಅನ್ನನಾಳದ ನರಗಳನ್ನು ಚುರುಕು ಮಾಡುತ್ತದೆ. ಅಷ್ಟೇ ಆಮ್ಲ, ಆದರೆ ಉರಿ ಎರಡು ಪಟ್ಟು. 1993ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ನಡೆಯಿತು. ಎದೆಯುರಿ ಇದ್ದವರಿಗೆ ತಲೆಬಿಸಿ ಆಗುವಂಥ ಕೆಲಸ ಕೊಟ್ಟು, ಅನ್ನನಾಳದ ಆಮ್ಲವನ್ನು ಯಂತ್ರದಲ್ಲಿ ಅಳೆದರು. ಉರಿ ಜಾಸ್ತಿ ಆಯಿತು ಅಂತ ಅವರು ಹೇಳಿದರು. ಯಂತ್ರದಲ್ಲಿ ಆಮ್ಲ ಜಾಸ್ತಿ ಆಗಿರಲೇ ಇಲ್ಲ. ಹೆಚ್ಚು ಒದ್ದಾಡಿದವರು ಮೊದಲೇ ಆತಂಕದ ಸ್ವಭಾವದವರು. ನಿದ್ದೆಗೆಟ್ಟರೂ ಹಾಗೇ. ಒಂದೇ ರಾತ್ರಿ ಮೂರು ಗಂಟೆ ಮಾತ್ರ ಮಲಗಿಸಿದರೂ ಎದೆಯುರಿ ರೋಗಿಗಳಿಗೆ ಮಾರನೇ ದಿನ ಅದೇ ಆಮ್ಲ ಹೆಚ್ಚು ಬೇಗ, ಹೆಚ್ಚು ಜೋರಾಗಿ ಉರಿಯುತ್ತದೆ ಎಂದು ಇನ್ನೊಂದು ಪರೀಕ್ಷೆ ತೋರಿಸಿದೆ.

ಅಂದರೆ ಎರಡು ಗಂಟೆಗೆ ಆಗುವುದು ಇಷ್ಟು. ಆಮ್ಲ ಬಂತು, ಉರಿಯಿತು. ಅದು ಹೊಟ್ಟೆಯದ್ದು. 'ಹಾರ್ಟ್!' ಅನ್ನಿಸಿತು, ಎದೆ ಹೊಡೆದುಕೊಂಡಿತು, ಕೈಕಾಲು ತಣ್ಣಗಾಯಿತು. ಅದು ಭಯದ್ದು. ಭಯದಿಂದ ನರ ಚುರುಕಾಗಿ ಉರಿ ಇನ್ನೂ ಏರಿತು. ಈಗ ಹೇಳಿ, ಯಾವ ಡಿಪಾರ್ಟ್‌ಮೆಂಟಿಗೆ ಕಳಿಸೋಣ ಇದನ್ನು? ನಾರ್ವೆಯ ದೊಡ್ಡ ಸಮೀಕ್ಷೆಯೊಂದರಲ್ಲಿ ಆತಂಕ ಇರುವವರಲ್ಲಿ ತೀವ್ರ ಎದೆಯುರಿ ಸುಮಾರು 3 ಪಟ್ಟು ಹೆಚ್ಚು ಕಂಡಿತ್ತು. ಯಾವುದು ಮೊದಲು ಶುರುವಾಯಿತು ಎಂದು ಅಂಥ ಸಮೀಕ್ಷೆ ಹೇಳಲಾರದು. ನಿಮಗೂ ಅದು ಬೇಕಿಲ್ಲ. ಎಲ್ಲಾದರೂ ಒಂದು ಕಡೆ ಕೊಂಡಿ ಕಳಚಿದರೆ ಸಾಕು.

ಎಂಡೋಸ್ಕೋಪಿ ನಾರ್ಮಲ್ ಬಂದದ್ದಕ್ಕೆ ನಿಮಗೇ ಅನುಮಾನ ಬಂದಿರಬಹುದು, ನನಗೆ ಏನೂ ಇಲ್ಲದೆ ಹೀಗಾಗುತ್ತಿದೆಯಾ ಅಂತ. ಎದೆಯುರಿ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಎಂಡೋಸ್ಕೋಪಿ ನಾರ್ಮಲ್ಲೇ ಇರುತ್ತದೆ. ಹುಣ್ಣಿಲ್ಲ ಅಂದರೆ ಉರಿಯಿಲ್ಲ ಅಂತಲ್ಲ. 'ಟೆನ್ಶನ್ ಕಡಿಮೆ ಮಾಡ್ಕೊಳ್ಳಿ' ಎಂದು ಕಳಿಸಿದ ನನ್ನ ಸಹೋದ್ಯೋಗಿಯ ಪರವಾಗಿ ನಾನೇ ಕ್ಷಮೆ ಕೇಳುತ್ತೇನೆ. ಹೇಗೆ ಕಡಿಮೆ ಮಾಡಬೇಕು ಅಂತ ಹೇಳದಿದ್ದರೆ ಅದು ಸಲಹೆ ಅಲ್ಲ, ಬಾಗಿಲು ತೋರಿಸುವುದು. ಹೊರಗೆ ನಲವತ್ತು ಜನ ಕಾಯುತ್ತಿದ್ದಾಗ ನಾನೂ ಅದೇ ಮಾತು ಹೇಳಿ ಕಳಿಸಿದ್ದೇನೆ.

ಈಗ ಊಟದ ಹೊತ್ತಿಗೆ ಬರೋಣ. ಮಲಗುವುದಕ್ಕೆ ಮೂರು ಗಂಟೆ ಮೊದಲು ರಾತ್ರಿ ಊಟ ಮುಗಿಯಬೇಕು. ಟ್ಯೂಷನ್ ಮುಗಿಸಿ, ಮಕ್ಕಳಿಗೆ ಬಡಿಸಿ, ಎಲ್ಲರದ್ದೂ ಆದ ಮೇಲೆ ಉಳಿದದ್ದನ್ನು ತಿನ್ನುವ ಹೆಂಗಸರಿಗೆ ಇದನ್ನು ಹೇಳುವಾಗ ನನಗೂ ಸಂಕೋಚವಾಗುತ್ತದೆ. ಹಾಗಾಗಿ ಒಂದು ಉಪಾಯ ಹೇಳುತ್ತೇನೆ. ಮುದ್ದೆಯೂಟವನ್ನು ಮಧ್ಯಾಹ್ನಕ್ಕೋ ಸಂಜೆ ಆರೂವರೆಗೋ ತನ್ನಿ. ಟ್ಯೂಷನ್ ಮಕ್ಕಳು ಬರುವ ಮೊದಲು ಹತ್ತು ನಿಮಿಷ ಸಾಕು. ಮನೆಯವರೆಲ್ಲ ಒಂಬತ್ತೂವರೆಗೆ ಕೂತಾಗ ಜೊತೆಗೆ ಬೇಕು ಅನ್ನಿಸಿದರೆ ಒಂದು ಸಣ್ಣ ಬಟ್ಟಲು ಗಂಜಿ, ಇಲ್ಲವೇ ಅರ್ಧ ಬಾಳೆಹಣ್ಣು. ಹೊಟ್ಟೆ ತುಂಬ ಅಲ್ಲ.

'ಮುದ್ದೆ ಬಿಡಬೇಕಾ ಡಾಕ್ಟ್ರೇ?' ಅಂತ ನಿಮ್ಮ ಕಡೆಯವರು ಕೇಳದೆ ಇರುವುದಿಲ್ಲ. ಬೇಡ. ಮುದ್ದೆಯದ್ದೇನೂ ತಪ್ಪಿಲ್ಲ. ಅಗಿಯದೆ ನುಂಗುವುದರಿಂದ ಎಷ್ಟು ಒಳಗೆ ಹೋಯಿತು ಅಂತ ತಿಳಿಯುವುದಿಲ್ಲ, ಅಷ್ಟೇ. ಎರಡರ ಬದಲು ಒಂದು ಮುದ್ದೆ. ರಾತ್ರಿಯ ಬಸ್ಸಾರಿಗೆ ಒಣಮೆಣಸಿನಕಾಯಿ ಸ್ವಲ್ಪ ಕಡಿಮೆ. ಬಜ್ಜಿ, ಬೋಂಡಾ, ಎಣ್ಣೆ ತೇಲುವ ಸಾರು ರಾತ್ರಿ ಹೊತ್ತು ಬೇಡ. ಎಣ್ಣೆ ಪದಾರ್ಥ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಕೂರುತ್ತದೆ. ಕಾಫಿ, ಟೀ ವಿಷಯದಲ್ಲಿ ಎಲ್ಲರಿಗೂ ಒಂದೇ ನಿಯಮ ಇಲ್ಲ. ಎರಡು ವಾರ ಬಿಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ಸ್ಟಾಫ್ ರೂಮಿನ ಟೀ ಸುಖವಾಗಿ ಕುಡಿಯಿರಿ. ಒಂದೇ ಸಲ ಹತ್ತು ಪದಾರ್ಥ ಬಿಟ್ಟು ಬರೀ ಮೊಸರನ್ನದ ಮೇಲೆ ಬದುಕುವವರನ್ನು ನೋಡಿದ್ದೇನೆ. ಅವರಿಗೆ ಎದೆಯುರಿಗಿಂತ ಊಟದ ತಟ್ಟೆಯ ಭಯವೇ ದೊಡ್ಡ ಕಾಯಿಲೆ ಆಗಿರುತ್ತದೆ.

ಸೀರೆಯ ಲಂಗದ ಲಾಡಿ ಸಂಜೆ ಮನೆಗೆ ಬಂದ ಕೂಡಲೇ ಸಡಿಲ ಮಾಡಿ. ಸಣ್ಣ ಮಾತು ಅನ್ನಿಸಬಹುದು. ಸೊಂಟ ಬಿಗಿದಷ್ಟೂ ಜಠರದ ಮೇಲೆ ಒತ್ತಡ. ತೂಕ ಜಾಸ್ತಿ ಇದ್ದರೆ, ಅದರಲ್ಲೂ ಹೊಟ್ಟೆಯ ಸುತ್ತ, ನಾಲ್ಕೈದು ಕಿಲೋ ಇಳಿದರೂ ಅನೇಕರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಮುಂದಿನದು ಮಂಚ. ಮನೆಮದ್ದು ಅಂತ ಯಾರೂ ಇದನ್ನು ಎಣಿಸುವುದಿಲ್ಲ, ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಮನೆಮದ್ದಿಲ್ಲ. ತಲೆಯ ಕಡೆಯ ಎರಡು ಕಾಲುಗಳನ್ನು 6ರಿಂದ 8 ಇಂಚು ಎತ್ತರಿಸಬೇಕು. ನಮ್ಮ ಇಟ್ಟಿಗೆ ಸುಮಾರು 3 ಇಂಚು ದಪ್ಪ. ಪ್ರತಿ ಕಾಲಿಗೂ ಎರಡೆರಡು. ಜಾರದಂತೆ ನಡುವೆ ಗೋಣಿಚೀಲದ ತುಂಡು ಹಾಕಿ, ಇಲ್ಲವೇ ಬಡಗಿಯ ಹತ್ತಿರ ಮಧ್ಯೆ ಗುಳಿ ತೋಡಿದ ಮರದ ತುಂಡು ಮಾಡಿಸಿ. ದಿಂಬು ಮೂರು ಜೋಡಿಸಿದರೆ ಕೆಲಸ ಆಗುವುದಿಲ್ಲ. ಕತ್ತು ಮಾತ್ರ ಏರುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ, ಉರಿ ಜಾಸ್ತಿಯೇ ಆಗಬಹುದು. ನಮ್ಮ ಅಮ್ಮನ ಮಂಚಕ್ಕೆ ಇಟ್ಟಿಗೆ ಇಟ್ಟ ಮೊದಲ ವಾರ ದಿನಾ ಬೆಳಿಗ್ಗೆ ಬೈಗುಳ: 'ರಾತ್ರಿಯೆಲ್ಲ ಜಾರಿ ಜಾರಿ ಕಾಲ ಕಡೆ ಹೋಗ್ತೀನಿ ಕಣೋ, ಇದೇನು ಮಂಚವೋ ಜಾರುಬಂಡೆಯೋ?' ಎರಡನೇ ವಾರ ಬೈಗುಳ ನಿಂತಿತು. ಮೂರನೇ ವಾರ ನಾನು ಇಟ್ಟಿಗೆ ತೆಗೆಯಲಾ ಅಂದರೆ ಮುಟ್ಟಬೇಡ ಅಂದರು. ಬಾಕ್ಸ್ ಮಂಚವಾಗಿದ್ದರೆ, ನೆಲದ ಮೇಲೆ ಮಲಗುವವರಾಗಿದ್ದರೆ, ಬೆನ್ನಿನ ಮಧ್ಯದಿಂದ ತಲೆಯವರೆಗೆ ಇಳಿಜಾರಾಗಿ ಬರುವ ಫೋಮ್ ತುಂಡು ಸಿಗುತ್ತದೆ.

ಎಡ ಮಗ್ಗುಲಿಗೆ ಮಲಗಿ. ಜಠರದ ಚೀಲ ಎಡಕ್ಕೆ ತೂಗುತ್ತದೆ. ಎಡಕ್ಕೆ ಮಲಗಿದರೆ ಆಮ್ಲ ಚೀಲದ ತಳದಲ್ಲಿ ಉಳಿಯುತ್ತದೆ. ಬಲಕ್ಕೆ ಹೊರಳಿದರೆ ಚೀಲದ ಬಾಯಿಯ ಮಟ್ಟಕ್ಕೇ ಬಂದು ನಿಲ್ಲುತ್ತದೆ.

ಇನ್ನು ಉಸಿರು. ಇದು ಹೊಟ್ಟೆಗೂ ಆಯಿತು, ಭಯಕ್ಕೂ ಆಯಿತು. ಅದಕ್ಕೇ ನಿಮಗೆ ಇದನ್ನು ಬಿಡಿಸಿ ಹೇಳುತ್ತೇನೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಸ್ನಾಯುವಿನ ಹಾಳೆ ಇದೆ. ಅನ್ನನಾಳ ಅದರ ತೂತಿನ ಮೂಲಕವೇ ಕೆಳಗಿಳಿಯಬೇಕು. ಆ ತೂತಿನ ಸುತ್ತ ವಪೆಯ ಎಳೆಗಳು ಬಿಗಿ ಹಿಡಿಯುತ್ತವೆ. ಚೀಲದ ಬಾಯಿಗೆ ಎರಡನೇ ದಾರ ಕಟ್ಟಿದ ಹಾಗೆ. ಈ ದಾರ ನಮ್ಮ ಹಿಡಿತದಲ್ಲಿದೆ, ಉಸಿರಿನ ಮೂಲಕ. 2012ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯರು 19 ರೋಗಿಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಅರ್ಧದಷ್ಟು ಜನಕ್ಕೆ ದಿನಕ್ಕೆ 30 ನಿಮಿಷ ಹೊಟ್ಟೆಯಿಂದ ಉಸಿರಾಡುವ ಅಭ್ಯಾಸ ಕಲಿಸಿದರು. ನಾಲ್ಕು ವಾರದಲ್ಲಿ ಅವರ ಅನ್ನನಾಳಕ್ಕೆ ಬರುವ ಆಮ್ಲ ಕಡಿಮೆಯಾಗಿತ್ತು. ಅಭ್ಯಾಸ ಬಿಡದೆ ಮುಂದುವರಿಸಿದವರಿಗೆ ಒಂಬತ್ತು ತಿಂಗಳ ಮೇಲೂ ಮಾತ್ರೆ ಕಡಿಮೆ ಸಾಕಾಗುತ್ತಿತ್ತು. 19 ಜನ ಅಂದರೆ ಸಣ್ಣ ಗುಂಪು, ಒಪ್ಪುತ್ತೇನೆ. ಆದರೆ ಖರ್ಚಿಲ್ಲ, ಕೆಡುಕಿಲ್ಲ.

ಮಾಡುವುದು ಹೀಗೆ. ಬೆಳಿಗ್ಗೆ ಎದ್ದ ಮೇಲೆ, ಖಾಲಿ ಹೊಟ್ಟೆಯಲ್ಲಿ, ಬೆನ್ನ ಮೇಲೆ ಮಲಗಿ ಮಂಡಿ ಮಡಚಿ. ಹೊಕ್ಕುಳ ಮೇಲೆ ನಿಮ್ಮ ಎಂಟನೇ ಕ್ಲಾಸಿನ ಪಠ್ಯಪುಸ್ತಕ ಇಟ್ಟುಕೊಳ್ಳಿ. ಒಂದು ಕೈ ಎದೆಯ ಮೇಲೆ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ. ಪುಸ್ತಕ ಮೇಲೇಳಬೇಕು, ಎದೆಯ ಮೇಲಿನ ಕೈ ಅಲ್ಲಾಡಬಾರದು. ಆರು ಎಣಿಸುವಷ್ಟು ಹೊತ್ತು ಬಿಡಿ, ಪುಸ್ತಕ ಇಳಿಯುತ್ತದೆ. ಮೊದಲ ಎರಡು ದಿನ ಪುಸ್ತಕ ಏಳುವುದೇ ಇಲ್ಲ. ವರ್ಷಗಟ್ಟಲೆ ಹೊಟ್ಟೆ ಒಳಗೆ ಎಳೆದುಕೊಂಡು ನಿಂತು ಪಾಠ ಮಾಡಿದವರಿಗೆ ಹೊಟ್ಟೆ ಬಿಡುವುದೇ ಮರೆತುಹೋಗಿರುತ್ತದೆ. ಐದು ನಿಮಿಷದಂತೆ ದಿನಕ್ಕೆ ಮೂರು ಸಲ ಶುರುಮಾಡಿ, ಮೆಲ್ಲಗೆ ಅರ್ಧ ಗಂಟೆಗೆ ಏರಿಸಿ. ಪಾಠ ಕಲಿತ ಮೇಲೆ ಕುರ್ಚಿಯಲ್ಲಿ ಕೂತು, ಊಟವಾದ ನಂತರವೂ ಮಾಡಬಹುದು. ಕಪಾಲಭಾತಿ, ತಲೆ ಕೆಳಗಾಗುವ ಆಸನಗಳು ಸದ್ಯಕ್ಕೆ ಬೇಡ.

ರಾತ್ರಿ ಎರಡಕ್ಕೆ ಎಚ್ಚರವಾದಾಗಲೂ ಇದೇ. ಎದ್ದು ಮಂಚದ ಅಂಚಿನಲ್ಲಿ ಕೂತು ಪಾದ ನೆಲಕ್ಕೆ ಊರಿ. ಎರಡು ಗುಟುಕು ನೀರು. ಉರಿ ಮೊದಲೋ, ಢವಢವ ಮೊದಲೋ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಆ ಕ್ರಮ ನೆನಪಿಡಿ ಅಂದಿದ್ದೆನಲ್ಲ. ಗಡಿಯಾರ ನೋಡಿ. ಭಯದ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ತುದಿ ಮುಟ್ಟುತ್ತದೆ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಉಸಿರನ್ನು ಉದ್ದ ಬಿಡಿ. ನಾಡಿ ಹಿಡಿದು ಎಣಿಸಬೇಡಿ. ಮೊಬೈಲಿನಲ್ಲಿ ಲಕ್ಷಣ ಹುಡುಕಬೇಡಿ, ಅಲ್ಲಿ ಎಲ್ಲ ದಾರಿಯೂ ಸ್ಮಶಾನಕ್ಕೇ ಹೋಗುತ್ತದೆ.

ಈಗ ನಿಮ್ಮ ಮನೆಯವರ ಪಟ್ಟಿ. ಅತ್ತೆಯವರ ಜೀರಿಗೆ ಕಷಾಯಕ್ಕೆ ನನ್ನ ಅಡ್ಡಿಯಿಲ್ಲ. ಹೊಟ್ಟೆ ಉಬ್ಬರಕ್ಕೆ ಅನೇಕರಿಗೆ ಹಿತ. ಸಂಜೆಯ ಕಾಫಿಯ ಜಾಗದಲ್ಲಿ ಒಂದು ಲೋಟ ಕುಡಿಯಿರಿ, ಮಲಗುವ ಮುಂಚೆ ಲೋಟಗಟ್ಟಲೆ ಬೇಡ. ಆಮ್ಲ ಮೇಲೆ ಬರುವುದನ್ನೇ ಅದು ತಡೆಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ.

ಯಜಮಾನರ ತಣ್ಣನೆ ಹಾಲಿಗೆ ದೊಡ್ಡ ಇತಿಹಾಸವೇ ಇದೆ. 1915ರಲ್ಲಿ ಷಿಕಾಗೊದ ಬರ್ಟ್ರಾಮ್ ಸಿಪ್ಪಿ ಎಂಬ ವೈದ್ಯರು ಹೊಟ್ಟೆಹುಣ್ಣಿಗೆ ಗಂಟೆಗೊಮ್ಮೆ ಹಾಲು, ಕೆನೆ ಕುಡಿಸುವ ಪಥ್ಯ ತಂದರು. ಹಲವು ದಶಕ ಲೋಕವೆಲ್ಲ ಅದನ್ನೇ ಮಾಡಿತು. ಹಾಲು ಕುಡಿದ ಕೂಡಲೇ ತಂಪು ಅನ್ನಿಸುವುದು ನಿಜ. ಸ್ವಲ್ಪ ಹೊತ್ತಿಗೆ ಹಾಲಿನ ಪ್ರೋಟೀನ್, ಕ್ಯಾಲ್ಸಿಯಂ ಸೇರಿ ಇನ್ನಷ್ಟು ಆಮ್ಲ ಊರಿಸುತ್ತವೆ. ಹಗಲು ಒಂದು ಲೋಟ ಪರವಾಗಿಲ್ಲ. ರಾತ್ರಿ ಎರಡಕ್ಕೆ ಕುಡಿದು ಮತ್ತೆ ಮಲಗಿದರೆ ನಾಲ್ಕಕ್ಕೆ ಮತ್ತೆ ಏಳಬೇಕಾದೀತು.

ಆಪಲ್ ಸೈಡರ್ ವಿನೆಗರ್ ಬೇಡವೇ ಬೇಡ. 'ನಿಮಗೆ ಆಮ್ಲ ಕಡಿಮೆ ಇರೋದಕ್ಕೇ ಹೀಗೆ' ಅನ್ನುವ ವಾದಕ್ಕೆ ಬುಡವಿಲ್ಲ. ಉರಿಯುವ ನಾಳಕ್ಕೆ ಇನ್ನೊಂದು ಆಮ್ಲ, ಮೇಲಾಗಿ ಹಲ್ಲಿನ ಎನಾಮೆಲ್ ಸವೆಯುತ್ತದೆ. ಪುದೀನ ನೋಡಿದರೆ ಸಾಧು, ಆದರೆ ಆ ಉಂಗುರದ ಸ್ನಾಯುವನ್ನು ಸಡಿಲಿಸುತ್ತದೆ. ಹೊಟ್ಟೆ ನುಲಿತಕ್ಕೆ ಒಳ್ಳೆಯದು, ಎದೆಯುರಿಗೆ ಅಲ್ಲ. ಶುಂಠಿ ಚೂರು ಸಾಕು, ಹೆಚ್ಚಾದರೆ ಅದೇ ಉರಿಸುತ್ತದೆ. ಅಡುಗೆ ಸೋಡಾ, ಇನೋ ತರಹದ ಪುಡಿಗಳು ತಕ್ಷಣ ಕೆಲಸ ಮಾಡುತ್ತವೆ, ಸುಳ್ಳಲ್ಲ. ಆದರೆ ಅವುಗಳಲ್ಲಿ ಸೋಡಿಯಂ ತುಂಬಾ. ದಿನಾ ಬಳಸುವ ವಸ್ತುವಲ್ಲ, ಬಿಪಿ ಅಥವಾ ಕಿಡ್ನಿ ತೊಂದರೆ ಇದ್ದವರಿಗಂತೂ ಬೇಡ. ಜೇಷ್ಠಮಧುವನ್ನು ಗಿಡಮೂಲಿಕೆ ಅಲ್ವಾ ಅಂತ ತಿಂಗಳುಗಟ್ಟಲೆ ತಿನ್ನುತ್ತಾರೆ. ಅದು ಬಿಪಿ ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಪೊಟ್ಯಾಸಿಯಂ ಇಳಿದರೆ ಎದೆಬಡಿತ ಏರುಪೇರು. ನಿಮ್ಮಂಥ ಭಯದವರಿಗೆ ಅದೊಂದು ಬಾಕಿ ಇತ್ತು!

ನೆಲ್ಲಿಕಾಯಿ ಹುಳಿಯಾದರೂ ಸ್ವಲ್ಪ ಭರವಸೆ ತೋರಿಸಿದೆ. 2018ರಲ್ಲಿ ಇರಾನಿನಲ್ಲಿ 68 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ನೆಲ್ಲಿಕಾಯಿ ಮಾತ್ರೆ ತಿಂದವರಿಗೆ ಎದೆಯುರಿ ಕಡಿಮೆಯಾಗಿತ್ತು. ಒಂದು ಪರೀಕ್ಷೆಯಿಂದ ಎಲ್ಲ ಗೊತ್ತಾಗುವುದಿಲ್ಲ. ನಿಮಗೆ ಒಗ್ಗಿದರೆ ಊಟದಲ್ಲಿರಲಿ. ಊಟವಾದ ಮೇಲೆ ಸೋಂಪು ಕಾಳನ್ನು ನಿಧಾನ ಅಗಿಯುವ ಅಭ್ಯಾಸವೂ ಒಳ್ಳೆಯದು. ಅಗಿದಷ್ಟೂ ಜೊಲ್ಲು, ಜೊಲ್ಲು ಆಮ್ಲವನ್ನು ತೊಳೆಯುತ್ತದೆ. ಅದೇ ನೆಪದಲ್ಲಿ ಎಲೆಅಡಿಕೆ ಬೇಡ.

ಪ್ರಕೃತಿಯದ್ದೇ ಬೇಕು ಅಂದರೆ ನಾನು ಹೆಸರಿಸುವುದು ಅಡುಗೆಮನೆಯಲ್ಲಿಲ್ಲ, ಕಡಲಲ್ಲಿದೆ. ಕಡಲಕಳೆಯಿಂದ ತೆಗೆದ ಆಲ್ಜಿನೇಟ್ ಸಿರಪ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಹೊಟ್ಟೆಯೊಳಗೆ ಹೋದ ಮೇಲೆ ಮಂದವಾಗಿ, ಅನ್ನದ ಮೇಲೆ ಗಂಜಿಯ ಕೆನೆ ಕಟ್ಟಿದ ಹಾಗೆ, ಆಮ್ಲದ ಮೇಲೆ ತೇಲುತ್ತದೆ. ಊಟದ ನಂತರ ಒಮ್ಮೆ, ಮಲಗುವಾಗ ಒಮ್ಮೆ. ಬೇರೆ ಮನೆಮದ್ದುಗಳಿಗಿಂತ ಇದಕ್ಕೆ ಆಧಾರ ಗಟ್ಟಿಯಾಗಿದೆ. ಇದರಲ್ಲೂ ಸೋಡಿಯಂ ಇರುವುದರಿಂದ ಬಿಪಿ ಇರುವವರು ಮೊದಲು ಕೇಳಿಕೊಳ್ಳಬೇಕು. ಮುಂದೆ ಹೇಳುವ ಮಾತ್ರೆ ಬಿಡುವ ಕೆಲಸಕ್ಕೆ ನಿಮಗೆ ಇದು ಬೇಕಾಗುತ್ತದೆ.

ಪ್ಯಾಂಟೊಪ್ರಜೋಲ್ ನಿಲ್ಲಿಸಿದ ಮೂರನೇ ದಿನ ಉರಿ ಜಾಸ್ತಿ ಆಗುವುದು ಕಾಯಿಲೆ ಉಲ್ಬಣಿಸಿದ್ದಕ್ಕಲ್ಲ. ತಿಂಗಳುಗಟ್ಟಲೆ ತಡೆದಿಟ್ಟ ಜಠರ ತಡೆ ತೆಗೆದ ಕೂಡಲೇ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುತ್ತದೆ. 2009ರಲ್ಲಿ ಡೆನ್ಮಾರ್ಕಿನಲ್ಲಿ ಎದೆಯುರಿಯೇ ಇಲ್ಲದ 120 ಆರೋಗ್ಯವಂತರನ್ನು ಪರೀಕ್ಷಿಸಿದರು. ಅರ್ಧ ಜನಕ್ಕೆ 8 ವಾರ ಇದೇ ಗುಂಪಿನ ಮಾತ್ರೆ, ಉಳಿದವರಿಗೆ ಬರೀ ಹುಸಿಮಾತ್ರೆ. ನಿಲ್ಲಿಸಿದ ಮೇಲೆ ನಿಜವಾದ ಮಾತ್ರೆ ತಿಂದವರಲ್ಲಿ ನೂರಕ್ಕೆ 44 ಜನಕ್ಕೆ ಎದೆಯುರಿ, ಹುಳಿತೇಗು ಶುರುವಾಯಿತು. ಹುಸಿಮಾತ್ರೆಯವರಲ್ಲಿ 15 ಜನಕ್ಕೆ ಮಾತ್ರ. ನೀವು ಮೂರನೇ ದಿನ ಹೆದರಿ ಮತ್ತೆ ಮಾತ್ರೆ ನುಂಗುತ್ತೀರಿ, ಎರಡು ವರ್ಷದಿಂದ ಅದೇ ಚಕ್ರ.

ಮಾತ್ರೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ತೆಗೆದುಕೊಂಡಿದ್ದೀರಾ ಅನ್ನುವುದೇ ನನ್ನ ಅನುಮಾನ. ಅದನ್ನು ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಊಟವಾದ ಮೇಲೆ, ಉರಿ ಬಂದಾಗ ಒಂದೊಂದು ಅಂತ ತೆಗೆದುಕೊಂಡರೆ ಅರ್ಧ ಕೆಲಸವೂ ಆಗುವುದಿಲ್ಲ. ನಿಮ್ಮ ವೈದ್ಯರಿಗೆ ಒಂದು ಮಾತು ಹೇಳಿ, ಹೀಗೆ ಮಾಡಿ: ನಾಲ್ಕು ವಾರ ಸರಿಯಾದ ಹೊತ್ತಿಗೆ ದಿನಾ ಒಂದು. ಅಷ್ಟರಲ್ಲಿ ಮಂಚ, ಊಟ, ಉಸಿರು ಮೂರೂ ಜಾರಿಗೆ ಬಂದಿರಲಿ. ಆಮೇಲೆ ಎರಡು ವಾರ ದಿನ ಬಿಟ್ಟು ದಿನ, ಮಾತ್ರೆ ಇಲ್ಲದ ದಿನ ಆಲ್ಜಿನೇಟ್. ಆಮೇಲೆ ನಿಲ್ಲಿಸಿ. ಒಂದೆರಡು ವಾರ, ಕೆಲವರಿಗೆ ತಿಂಗಳು, ಉರಿ ಇಣುಕುತ್ತದೆ. ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅದು ಅಷ್ಟು ಹೆದರಿಸುವುದಿಲ್ಲ. ಅನ್ನನಾಳದಲ್ಲಿ ದೊಡ್ಡ ಹುಣ್ಣಾಗಿದ್ದವರು, ರಕ್ತ ತೆಳುವಾಗಲು ಅಥವಾ ಕೀಲುನೋವಿಗೆ ದಿನಾ ಮಾತ್ರೆ ತಿನ್ನುವವರು ಇದನ್ನು ಓದಿ ತಾವಾಗಿ ನಿಲ್ಲಿಸಬಾರದು.

ಆತಂಕಕ್ಕೂ ಚಿಕಿತ್ಸೆ ಇದೆ, ಕೇಳಲು ನಾಚಿಕೆ ಬೇಡ. ಹಗಲು ಹೊತ್ತೂ 'ರಾತ್ರಿ ಏನಾಗುತ್ತೋ' ಅಂತ ಯೋಚನೆ ಬರುತ್ತಿದ್ದರೆ, ಒಬ್ಬರೇ ಮಲಗಲು, ಬಸ್ಸು ಹತ್ತಲು ಹೆದರಿಕೆ ಆಗುತ್ತಿದ್ದರೆ, ಹೊಟ್ಟೆಯ ಡಾಕ್ಟರ್ ಒಬ್ಬರೇ ಸಾಲುವುದಿಲ್ಲ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿ ಎರಡಕ್ಕೂ ಎತ್ತುತ್ತಾರೆ. ಯೋಚನೆಯ ಜಾಡು ಬದಲಿಸುವ ಮಾತಿನ ಚಿಕಿತ್ಸೆ ಎದೆಯ ಇಂಥ ಭಯಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ ಮಾತ್ರ ಬೇಡ. ಅಭ್ಯಾಸವಾಗಿಬಿಡುತ್ತದೆ. ಆಮ್ಲ ಮೇಲೆ ಬಂದರೂ ಎಚ್ಚರವಾಗದ ಹಾಗೆ ಮಲಗಿಸುತ್ತದೆ, ಅಷ್ಟು ಹೊತ್ತೂ ಅನ್ನನಾಳ ಬೇಯುತ್ತಿರುತ್ತದೆ.

ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಪ್ರಯತ್ನವಿಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ಡಾಂಬರಿನಂತೆ ಕಪ್ಪು ಮಲ, ಬಿಳಿಚಿಕೊಳ್ಳುವುದು. ಇವುಗಳಲ್ಲಿ ಒಂದು ಕಂಡರೂ ಮೇಲೆ ಹೇಳಿದ್ದೆಲ್ಲ ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ಗಂಟಲಲ್ಲಿ ಏನೋ ಇದೆ ಅನ್ನಿಸಿಯೂ ಊಟ ಸಲೀಸಾಗಿ ಇಳಿಯುತ್ತಿದ್ದರೆ ಅದು ಬೇರೆ. ಅದು ಆಮ್ಲ ಮತ್ತು ಆತಂಕ ಸೇರಿ ಗಂಟಲಿನ ಸ್ನಾಯುವನ್ನು ಬಿಗಿದದ್ದು. ಕೆಮ್ಮಿ ಕೆಮ್ಮಿ ಅದನ್ನು ಹೊರಹಾಕಲು ಹೋಗಬೇಡಿ, ಇನ್ನೂ ಬಿಗಿಯುತ್ತದೆ.

ಎಂಟು ವಾರದ ಮೇಲೂ ಹೀಗೇ ಇದ್ದರೆ 24 ಗಂಟೆ ಆಮ್ಲ ಅಳೆಯುವ ಪರೀಕ್ಷೆ ಇದೆ, ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಮೂಗಿನಿಂದ ತೆಳ್ಳನೆ ತಂತಿ ಇಳಿಸಿ, ಸೊಂಟಕ್ಕೆ ಪೆಟ್ಟಿಗೆ ಕಟ್ಟಿ ಮನೆಗೆ ಕಳಿಸುತ್ತಾರೆ. ನಿಮಗೆ ಉರಿ ಬಂದ ಹೊತ್ತಿಗೆ ನಿಜವಾಗಿ ಆಮ್ಲ ಬಂದಿತ್ತೋ, ನರ ಮಾತ್ರ ಕೂಗಿತೋ ಅಂತ ಅದರಲ್ಲಿ ಗೊತ್ತಾಗುತ್ತದೆ. ನರ ಮಾತ್ರ ಅಂತಾದರೆ ಔಷಧಿಯ ದಾರಿಯೇ ಬೇರೆ. ಆ ದಿನ ಮಾತ್ರ ಪಥ್ಯ ಮಾಡಿಕೊಂಡು ಹೋಗಬೇಡಿ. ಎಂದಿನ ಹಾಗೆ ಒಂಬತ್ತೂವರೆಗೆ ಮುದ್ದೆ, ಬಸ್ಸಾರು ಉಂಡು ಹತ್ತಕ್ಕೆ ಮಲಗಿ.